ಜೆರ್ಸಿ ಮೇಲಿನ ಸಿಂಹ ಎತ್ತ ನೋಡಬೇಕು?

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲೋ ಬೀದರಿನ ನೆಹರೂ ಕ್ರೀಡಾಂಗಣದಲ್ಲೋ ಫುಟ್‌ಬಾಲ್ ಟೂರ್ನಿ ಹತ್ತಿರ ಬಂತೆಂದರೆ ಜೆರ್ಸಿ ಮಾಡಿಸುವ ಹುಡುಗರ ಬೇಡಿಕೆ ಬಹುತೇಕ ಒಂದೇ: "ಎದಿ ಮ್ಯಾಲ ಸಿಂಹ ಇರ್ಲಿ, ದೊಡ್ಡದಿರ್ಲಿ." ನಿಂತ ಸಿಂಹವೋ, ನಡೆಯುವುದೋ, ಮುಖ ಯಾವ ಕಡೆಗೋ, ಅದನ್ನು ಯಾರೂ ಹೇಳುವುದಿಲ್ಲ. ಲಾಂಛನದ ಪ್ರಾಣಿಗೆ ಅರ್ಥ ಬರುವುದೇ ಆ ಭಂಗಿಯಿಂದ.

ಎಲ್ಲರೂ ತೋರಿಸುವ ಮಾದರಿ ಇಂಗ್ಲೆಂಡಿನ ಮೂರು ಸಿಂಹ. ಅವು ಆಟದ್ದಲ್ಲ, ಅರಸರವು. 12ನೇ ಶತಮಾನದ ಕೊನೆಗೆ ದೊರೆ ಮೊದಲನೇ ರಿಚರ್ಡ್‌ನ ಎರಡನೇ ರಾಜಮುದ್ರೆಯಲ್ಲಿ ಮೂರೂ ಒಂದರ ಮೇಲೊಂದು ಬಂದವು. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ವಿರುದ್ಧ ನಡೆದ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ (ಗೋಲೇ ಬರಲಿಲ್ಲ) ಇಂಗ್ಲೆಂಡಿನವರ ಬಿಳಿ ಅಂಗಿ ಮೇಲೆ ಅವೇ ಇದ್ದವು. ಇಂದಿನ ರೂಪ 1949ರದು: ಮೇಲಿದ್ದ ಕಿರೀಟ ಹೋಯಿತು, ಸುತ್ತ ಹತ್ತು ಗುಲಾಬಿ ಬಂದವು. ಅರಸರದ್ದು ಕೆಂಪಿನ ಮೇಲೆ ಚಿನ್ನದ ಸಿಂಹ, ಫುಟ್‌ಬಾಲಿನದು ಬಿಳಿ ಮೇಲೆ ನೀಲಿ.

ಈ ಸಿಂಹಗಳು ನಡೆಯುತ್ತಿವೆ. ಮೂರು ಕಾಲು ನೆಲದಲ್ಲಿ, ಮುಂದಿನ ಒಂದು ಪಂಜ ಮೇಲೆ, ಮುಖ ನೇರ ನಮ್ಮತ್ತ. ಸ್ಕಾಟ್ಲೆಂಡಿನದು ಹಾಗಲ್ಲ: ಒಂಟಿ ಕೆಂಪು ಸಿಂಹ, ಹಿಂಗಾಲ ಮೇಲೆ ಎದ್ದು ಪಂಜ ಚಾಚಿರುತ್ತದೆ. ಒಂದರ ತಲೆ ತೆಗೆದು ಇನ್ನೊಂದರ ಮೈಗೆ ಅಂಟಿಸಿದರೆ ಯಾವುದೂ ಆಗುವುದಿಲ್ಲ.

ಇನ್ನು ದಿಕ್ಕು. ಪ್ರಾಣಿ ಗುರಾಣಿ ಹಿಡಿದವನ ಬಲಕ್ಕೆ, ಅಂದರೆ ನೋಡುವವರ ಎಡಕ್ಕೆ, ಸಾಗಬೇಕೆಂಬುದು ಹಳೆಯ ರೂಢಿ. ಆಟಗಾರನ ಎಡ ಎದೆಗೆ ಹಾಕಿದಾಗ ಸಿಂಹ ಅಂಗಿಯ ನಡುವಿನತ್ತ ಹೋಗುತ್ತದೆ. ತಪ್ಪಾಗುವುದು ಸಬ್ಲಿಮೇಶನ್‌ನಲ್ಲಿ, ಅಂದರೆ ಕಾಗದದ ಮೇಲಿನ ಬಣ್ಣವನ್ನು ಕಾವಿನಿಂದ ಬಟ್ಟೆಗೆ ಇಳಿಸುವ ಮುದ್ರಣದಲ್ಲಿ. ಕಾಗದದ ಮೇಲೆ ಚಿತ್ರ ಎಡಬಲ ತಿರುವಿ ಅಚ್ಚಾಗಬೇಕು. ಅದು ಮರೆತರೆ ಅಕ್ಷರ ಉಲ್ಟಾ ಕಂಡು ಕೂಡಲೇ ಗೊತ್ತಾಗುತ್ತದೆ, ಬರೀ ಸಿಂಹವಿದ್ದರೆ ಇಡೀ ಸೆಟ್ ಮುಗಿಯುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ನೋಡಿದರೆ ಹದಿನೈದೂ ಸಿಂಹ ತೋಳಿನ ಕಡೆಗೆ ಓಡುತ್ತಿರುತ್ತವೆ. ಫೈಲಿನ ಮೂಲೆಯಲ್ಲಿ, ಕತ್ತರಿಸಿ ಹೋಗುವ ಜಾಗದಲ್ಲಿ, 'ಕ' ಅಂತ ಒಂದು ಅಕ್ಷರ ಇಟ್ಟರೆ ಸಾಕು. ಗಂಡಭೇರುಂಡಕ್ಕೆ ಈ ಕಾಟವಿಲ್ಲ, ಎರಡೂ ಕಡೆಗೆ ತಲೆ!

ಕಸೂತಿ ಮಷಿನ್‌ನಲ್ಲಿ ಹಾಕಿಸುವುದಾದರೆ ಎತ್ತರ 7ರಿಂದ 8 ಸೆಂ.ಮೀ. ಇರಲಿ. ಆ ಅಳತೆಯಲ್ಲಿ ಮೂರು ಸಿಂಹ ತುಂಬಿದರೆ ಉಗುರು 1 ಮಿ.ಮೀ.ಗಿಂತ ಸಣ್ಣದಾಗುತ್ತದೆ, ಅಷ್ಟು ಸಣ್ಣದಕ್ಕೆ ಹೊಲಿಗೆ ಕೂರದೆ ದಾರದ ಗಂಟಾಗುತ್ತದೆ. ಗುಲಾಬಿಯ ಎಸಳುಗಳ ಗತಿಯೂ ಅದೇ. ಉಗುರು, ನಾಲಿಗೆ ಕೈಬಿಟ್ಟು ಎತ್ತಿದ ಪಂಜವನ್ನೂ ಬಾಲದ ಬಾಗನ್ನೂ ಸ್ವಲ್ಪ ದಪ್ಪ ಮಾಡುವುದು ಮೇಲು. ಹೊಲಿಗೆ ಸಾಲುಗಳ ಅಂತರ 0.4 ಮಿ.ಮೀ., ದುಂಡು ಮೊನೆಯ 75/11 ಸೂಜಿ, ಹಿಂದೆ ಕತ್ತರಿಸುವ ಬಗೆಯ ಬ್ಯಾಕಿಂಗ್ (ಹೊಲಿಗೆಗೆ ಆಸರೆಯಾಗಿ ಬಟ್ಟೆಯ ಹಿಂದೆ ಇಡುವ ಹಾಳೆ). ಹರಿದು ತೆಗೆಯುವ ಬ್ಯಾಕಿಂಗ್ ಹಿಗ್ಗುವ ಬಟ್ಟೆಗೆ ಆಗುವುದಿಲ್ಲ. ನಾಲ್ಕು ಒಗೆತಕ್ಕೆ ಸಿಂಹದ ಸುತ್ತ ಬಟ್ಟೆ ಸುಕ್ಕುಗಟ್ಟುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ದಪ್ಪ ಕಸೂತಿ ಬೆವರು ಹೀರಿ ಎದೆಗೆ ಅಂಟುತ್ತದೆ, ಆಡುವ ಅಂಗಿಗೆ ಸಬ್ಲಿಮೇಶನ್ನೇ ವಾಸಿ. 200 ಡಿಗ್ರಿ ಸೆಲ್ಸಿಯಸ್ ಹತ್ತಿರ, 45ರಿಂದ 60 ಸೆಕೆಂಡ್, ಬಿಳಿ ಅಥವಾ ತೆಳು ಬಣ್ಣದ ಪಾಲಿಯೆಸ್ಟರ್ ಮಾತ್ರ. ಹತ್ತಿ ಬಟ್ಟೆಯಲ್ಲಿ ಬಣ್ಣ ನಿಲ್ಲುವುದಿಲ್ಲ. ಕೆಂಪು ಜೆರ್ಸಿ ಮೇಲೆ ಬಿಳಿ ಸ್ಟಿಕ್ಕರ್ ಒತ್ತಿಸಿದವರಿಗೆ ಕೆಲ ದಿನಗಳಲ್ಲೇ ಗುಲಾಬಿ ಬಣ್ಣದ ಸಿಂಹ ಸಿಗಬಹುದು. ಕಾವಿಗೆ ಬಟ್ಟೆಯ ಬಣ್ಣ ಮೇಲಕ್ಕೆ ಏರುತ್ತದೆ. ಬಣ್ಣ ತಡೆಯುವ ಪದರವಿರುವ ಸ್ಟಿಕ್ಕರನ್ನೇ ಕೇಳಬೇಕು.

ಅಶೋಕ ಸ್ತಂಭದ ಸಿಂಹ ಬೇಕೆನ್ನುವವರಿಗೆ ಉತ್ತರ ಒಂದೇ: ಆಗದು. 2005ರ ಕಾಯ್ದೆ ಪ್ರಕಾರ ರಾಷ್ಟ್ರ ಲಾಂಛನದ ದುರ್ಬಳಕೆಗೆ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ರಾಜ್ಯ ಸರ್ಕಾರದ ಗಂಡಭೇರುಂಡ ಲಾಂಛನವನ್ನೂ ಹಾಗೇ ನಕಲು ಮಾಡುವಂತಿಲ್ಲ. ಊರಿನದೇ ಪ್ರಾಣಿ ಬೇಕಿದ್ದರೆ ಬೀದರ ಕೋಟೆಯ ಶರ್ಜಾ ದರ್ವಾಜಾದ ಮೇಲಿನ ಕಲ್ಲಿನ ಹುಲಿಗಳಿವೆಯಲ್ಲ. ಅವು ಗೆರೆ ಕಡಿಮೆ, ಮೈ ತುಂಬು, 7 ಸೆಂ.ಮೀ.ಗೆ ಇಳಿಸಿದರೂ ಹುಲಿ ಹುಲಿಯಾಗಿಯೇ ಉಳಿಯುತ್ತದೆ.