ರಿಫಂಡ್ ಅಂದರೆ ವಾಪಸ್ ಬಂದ ದುಡ್ಡಲ್ಲ

ಕಳೆದ ಯುಗಾದಿಗೆ ನಮ್ಮೂರಿನ ಕನ್ನಡ ಸಂಘದಲ್ಲಿ ಊಟಕ್ಕೆ ಸಾಲಿನಲ್ಲಿ ನಿಂತಿದ್ದೆ. ಪರಿಚಯದ ಹುಡುಗನೊಬ್ಬ ತಟ್ಟೆ ಹಿಡಿದುಕೊಂಡೇ ಕೇಳಿದ. "ಅಕ್ಕ, ನನ್ನ ಹೆಂಡತಿ ಫಿಸಿಯೋಥೆರಪಿ ಅಸಿಸ್ಟೆಂಟ್ ಕೋರ್ಸ್, ಅದೇ ಪಿಟಿಎ, ಮಾಡ್ತೀನಿ ಅಂತಿದ್ದಾಳೆ. ಕಮ್ಯುನಿಟಿ ಕಾಲೇಜು, ಎರಡು ವರ್ಷ, ಆಮೇಲೆ 65 ಸಾವಿರ ಡಾಲರ್ ಸಂಬಳ. ಸಾಲ ಏನೂ ಆಗಲ್ಲ ಅಲ್ವಾ?"

ನಾನು ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಡಿಗ್ರಿ ಕೊಡುವ ಸರ್ಕಾರಿ ಕಾಲೇಜಿನಲ್ಲಿ, ವಿದ್ಯಾರ್ಥಿಗಳ ಫೈನಾನ್ಷಿಯಲ್ ಏಡ್ (ಗ್ರ್ಯಾಂಟ್, ಸಾಲದಂಥ ಹಣದ ನೆರವು) ನೋಡಿಕೊಳ್ಳುವವಳು. ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಹೋಳಿಗೆ ತಣ್ಣಗಾಗುವಷ್ಟು ಹೊತ್ತು ಅವನಿಗೆ ಉತ್ತರ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಂಬಳದ ಮಾತು. ಪಿಟಿಎ, ಅಂದರೆ ಥೆರಪಿಸ್ಟ್ ಕೈಕೆಳಗೆ ಕೆಲಸ ಮಾಡುವ ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್‌ಗಳ ನಡುಮಟ್ಟದ ವಾರ್ಷಿಕ ಸಂಬಳ 65,510 ಡಾಲರ್, ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಒಟಿಎ, ಅಂದರೆ ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್‌ಗಳದ್ದು 68,340. ಇದು ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಲೆಕ್ಕ. ನಡುಮಟ್ಟ ಅಂದರೆ ಅರ್ಧ ಜನ ಇದಕ್ಕಿಂತ ಕಡಿಮೆ ದುಡಿಯುತ್ತಾರೆ. ಇಪ್ಪತ್ತು ವರ್ಷ ಅನುಭವ ಇರುವವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಹೊಸದಾಗಿ ಸೇರಿದವರಿಗೆ ಇದು ಮೊದಲ ದಿನದ ಸಂಬಳ ಅಲ್ಲ. ಬಹಳ ಕಡೆ ಗಂಟೆ ಲೆಕ್ಕದ ಕೂಲಿ. ನರ್ಸಿಂಗ್ ಹೋಮ್‌ನಲ್ಲಿ ಪೇಷಂಟ್ ಕಡಿಮೆ ಇದ್ದ ದಿನ ಮಧ್ಯಾಹ್ನವೇ ಮನೆಗೆ ಕಳಿಸುತ್ತಾರೆ. 2022ರಿಂದ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಕೂಡ ಕೈ ಬಿಗಿ ಮಾಡಿದೆ. ಹೊರರೋಗಿಗಳಿಗೆ ಅಸಿಸ್ಟೆಂಟ್ ಕೊಟ್ಟ ಥೆರಪಿಗೆ ಮಾಮೂಲಿ ದರದ ಶೇ. 85ರ ಲೆಕ್ಕದಲ್ಲಿ ದುಡ್ಡು ಕೊಡುತ್ತದೆ. ಹಾಗಂತ ಕೆಲಸ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎರಡು ವರ್ಷದ ಡಿಗ್ರಿಗಳಲ್ಲಿ ಇಷ್ಟು ಗಟ್ಟಿಯಾಗಿ ಅನ್ನ ಕೊಡುವವು ಕಡಿಮೆ. ಅಸಿಸ್ಟೆಂಟ್ ಬೇರೆ, ಥೆರಪಿ ಕೊಡದೆ ಮೇಲುಕೆಲಸ ನೋಡಿಕೊಳ್ಳುವ ಏಡ್ ಬೇರೆ ಅನ್ನುವುದು ಮಾತ್ರ ನೆನಪಿರಲಿ. ಏಡ್‌ಗೆ ಲೈಸೆನ್ಸ್ ಬೇಡ, ಸಂಬಳವೂ ಹತ್ತಿರ ಹತ್ತಿರ ಅರ್ಧ.

ಈಗ ಸಾಲ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಮ್ಯುನಿಟಿ ಕಾಲೇಜಿನ ಫೀ ವರ್ಷಕ್ಕೆ ಸರಾಸರಿ 4,000 ಡಾಲರ್ ಆಸುಪಾಸು. ಆದಾಯ ಕಡಿಮೆ ಇರುವವರಿಗೆ ಕೇಂದ್ರ ಸರ್ಕಾರದ ಪೆಲ್ ಗ್ರ್ಯಾಂಟ್ ಅನ್ನುವ ನೆರವು ವರ್ಷಕ್ಕೆ 7,395 ಡಾಲರ್‌ವರೆಗೆ ಸಿಗುತ್ತದೆ, ಅದನ್ನು ತೀರಿಸಬೇಕಾಗಿಲ್ಲ. ಅಂದರೆ ಫೀ ಕಟ್ಟಿ ಇನ್ನೂ ಉಳಿಯಬೇಕು. ಹಾಗಿದ್ದರೆ ಈ ಡಿಗ್ರಿ ಮಾಡಿದವರ ತಲೆ ಮೇಲೆ ಮೂವತ್ತು, ನಲವತ್ತು ಸಾವಿರ ಸಾಲ ಹೇಗೆ ಬಂದು ಕೂರುತ್ತದೆ?

ರಿಫಂಡ್ ಅನ್ನುವ ಒಂದು ಪದದಿಂದ.

ವಿದ್ಯಾರ್ಥಿಯ ಹೆಸರಿಗೆ ಬಂದ ಗ್ರ್ಯಾಂಟ್, ಸಾಲ ಎಲ್ಲವೂ ಮೊದಲು ಕಾಲೇಜಿನ ಖಾತೆಗೆ ಬೀಳುತ್ತವೆ. ಕಾಲೇಜು ತನ್ನ ಫೀ ಹಿಡಿದುಕೊಳ್ಳುತ್ತದೆ. ಮಿಕ್ಕ ದುಡ್ಡನ್ನು 14 ದಿನದೊಳಗೆ ವಿದ್ಯಾರ್ಥಿಗೆ ಕೊಡಬೇಕು. ಹೀಗೆ ಬರುವ ದುಡ್ಡಿಗೆ ಇಲ್ಲಿ ಎಲ್ಲರೂ ರಿಫಂಡ್ ಅನ್ನುತ್ತಾರೆ. ಕೇಳಿದವರಿಗೆ ಏನನ್ನಿಸುತ್ತದೆ? ನಾನು ಜಾಸ್ತಿ ಕಟ್ಟಿದ್ದೆ, ವಾಪಸ್ ಬಂತು. ಟ್ಯಾಕ್ಸ್ ರಿಫಂಡ್ ಬಂದ ಹಾಗೆ.

ಹೋದ ಸೆಪ್ಟೆಂಬರ್‌ನಲ್ಲಿ ಒಬ್ಬಳು ಬಂದಿದ್ದಳು. ವಯಸ್ಸು ಮೂವತ್ತೊಂದು, ಇಬ್ಬರು ಮಕ್ಕಳು. ರಾತ್ರಿ ಪಾಳಿಯಲ್ಲಿ ನರ್ಸಿಂಗ್ ಹೋಮ್‌ನಲ್ಲಿ ವಯಸ್ಸಾದವರನ್ನು ಎತ್ತಿ ಕೂರಿಸುವ ಕೆಲಸ. ಅಲ್ಲಿ ಒಬ್ಬ ಪಿಟಿಎ ಒಂದು ಅಜ್ಜಿಯ ಸೊಂಟಕ್ಕೆ ಬೆಲ್ಟ್ ಕಟ್ಟಿ, ಬೆನ್ನ ಹಿಂದೆ ಅದನ್ನು ಹಿಡಿದು, ಹಾಸಿಗೆಯಿಂದ ಬಾಗಿಲ ತನಕ ಆರು ಹೆಜ್ಜೆ ನಡೆಸಿದ್ದನ್ನು ನೋಡಿ, ನಾನೂ ಇದನ್ನೇ ಮಾಡಬೇಕು ಅಂತ ನಿರ್ಧಾರ ಮಾಡಿದವಳು. ಫೋನ್ ತೆರೆದು ಬ್ಯಾಂಕಿನ ಮೆಸೇಜ್ ತೋರಿಸಿದಳು. 6,400ರ ಹತ್ತಿರ. "ಕಾಲೇಜು ನನಗೆ ಕೊಟ್ಟಿದ್ದು," ಅಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಒಂದು ಕವರ್‌ನ ಹಿಂದೆ ಲೆಕ್ಕ ಬರೆದು ತೋರಿಸಿದೆ. ಈ ಸೆಮಿಸ್ಟರ್‌ಗೆ ಪೆಲ್ ಸುಮಾರು 3,700. ಅದರಲ್ಲಿ ಫೀ 2,000 ಹೋಯಿತು, ಉಳಿದಿದ್ದು 1,700. ಇದು ನಿನ್ನದೇ ದುಡ್ಡು. ಮಿಕ್ಕ 4,700 ಸಾಲ. ನಿನ್ನ ಹಾಗೆ ತಂದೆತಾಯಿಯ ಮೇಲೆ ಅವಲಂಬಿತರಲ್ಲದ ವಿದ್ಯಾರ್ಥಿಗೆ ಮೊದಲ ವರ್ಷ 9,500 ಡಾಲರ್‌ವರೆಗೆ ಸಾಲ ಸಿಗುತ್ತದೆ. ನೀನು ಆನ್‌ಲೈನ್‌ನಲ್ಲಿ ಪೂರ್ತಿ ಒಪ್ಪಿಕೊಂಡಿದ್ದೀಯ, ಅದರ ಸುಮಾರು ಅರ್ಧ ಈ ಸೆಮಿಸ್ಟರ್‌ಗೆ ಬಂದಿದೆ. ಅದರಲ್ಲಿ ಹೆಚ್ಚು ಭಾಗಕ್ಕೆ ದುಡ್ಡು ಬಂದ ದಿನದಿಂದಲೇ ಬಡ್ಡಿ ಓಡುತ್ತದೆ.

ಅವಳು ತುಂಬಾ ಹೊತ್ತು ಆ ಕವರ್ ನೋಡುತ್ತಾ ಕೂತಳು.

ಅವಳು ದಡ್ಡಿ ಅಂತ ಯಾರೂ ಅಂದುಕೊಳ್ಳಬೇಡಿ. ಸ್ಕ್ರೀನ್ ಮೇಲೆ 'ಅವಾರ್ಡ್' ಅಂತ ಬರೆದಿರುತ್ತದೆ. ಗ್ರ್ಯಾಂಟ್ ಮತ್ತು ಸಾಲ ಎರಡೂ ಅದರ ಕೆಳಗೇ ಒಂದರ ಪಕ್ಕ ಒಂದು. ಬಹುಮಾನದ ಹೆಸರಿಟ್ಟು ಸಾಲ ಕೊಟ್ಟರೆ ಯಾರು ತಾನೆ ತಪ್ಪು ತಿಳಿಯುವುದಿಲ್ಲ? ನನಗೆ ಸಿಟ್ಟು ಬರುವುದು ಇದಕ್ಕೇ.

ಸಾಲವೇ ಬೇಡ ಅಂತಲೂ ನಾನು ಹೇಳುವುದಿಲ್ಲ. ಇಬ್ಬರು ಮಕ್ಕಳಿಟ್ಟುಕೊಂಡು ಓದುವವಳಿಗೆ ಬಾಡಿಗೆ ಕಟ್ಟಲು ದುಡ್ಡು ಬೇಕು. ಆದರೆ ಬೇಕಾದಷ್ಟೇ ತಗೊಳ್ಳಬಹುದು. 9,500 ಅಂತ ತೋರಿಸಿದರೆ 3,000 ಸಾಕು ಅಂತ ಬರೆಯಬಹುದು. ಈ ಮಾತು ಹೇಳಿದಾಗ ಹತ್ತರಲ್ಲಿ ಒಂಬತ್ತು ಜನ ನನ್ನ ಮುಖ ನೋಡುತ್ತಾರೆ, ಹಾಗೆ ಮಾಡಬಹುದಾ ಅಂತ. ಮಾಡಬಹುದು.

ಇನ್ನು "ಎರಡು ವರ್ಷ" ಅನ್ನುವುದು. ಬಹಳ ಕಡೆ ಪಿಟಿಎ ಕೋರ್ಸ್ ಶುರುವಾಗುವ ಮೊದಲೇ ಅನಾಟಮಿ, ಫಿಸಿಯಾಲಜಿ, ಇಂಗ್ಲಿಷ್, ಗಣಿತ ಎಲ್ಲ ಮುಗಿಸಬೇಕು. ಸೀಟು ಕಡಿಮೆ, ಅರ್ಜಿ ಜಾಸ್ತಿ. ಮೊದಲ ಸಲ ಸಿಗದಿದ್ದರೆ ಮುಂದಿನ ವರ್ಷದ ತನಕ ಕಾಯಬೇಕು. ಮೂರು, ನಾಲ್ಕು ವರ್ಷ ಆಗುವುದನ್ನು ನಾನು ಮಾಮೂಲಿಯಾಗಿ ನೋಡುತ್ತೇನೆ. ಕಾಯುವಾಗ ಸುಮ್ನೆ ಬೇರೆ ಕ್ಲಾಸ್ ತಗೊಂಡು ಸಾಲ ಎಳೆಯುತ್ತಾರೆ. ಮೊದಲ ವರ್ಷ 9,500, ಆಮೇಲೆ ವರ್ಷಕ್ಕೆ 10,500ರಂತೆ ಪೂರ್ತಿ ತಗೊಂಡರೆ ನಾಲ್ಕು ವರ್ಷಕ್ಕೆ 41,000. ಅದೇ ನಾಲ್ಕು ವರ್ಷದ ಫೀ 16,000, ಅದನ್ನೂ ಪೆಲ್ ಕಟ್ಟಿರುತ್ತದೆ! ವರ್ಷಕ್ಕೆ ಶೇ. 6.39 ಬಡ್ಡಿ ಹಿಡಿದರೆ 41,000ವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 460 ಡಾಲರ್‌ಗಿಂತ ಜಾಸ್ತಿ ಬೇಕು. ಹತ್ತು ಸಾವಿರಕ್ಕೆ ನಿಂತಿದ್ದರೆ 113. ಲೆಕ್ಕ ಒರಟಾಗಿ ಹಾಕಿದ್ದೇನೆ. ಬಡ್ಡಿ ಪ್ರತಿ ವರ್ಷ ಬದಲಾಗುತ್ತದೆ, 2026ರ ಜುಲೈಯಿಂದ ಹೊಸ ಸಾಲಗಳ ನಿಯಮವೂ ಬೇರೆ. ನಿಮ್ಮ ಕಾಲೇಜಿನ ಆಫೀಸಿನಲ್ಲಿ ನಿಮ್ಮದೇ ಲೆಕ್ಕ ಹಾಕಿಸಿಕೊಳ್ಳಿ.

ಇನ್ನೊಂದು ಗುಂಡಿಯೂ ಇದೆ. ಕೋರ್ಸಿಗೆ ಬೇಕಾದ ಕ್ರೆಡಿಟ್‌ಗಳ ಒಂದೂವರೆ ಪಟ್ಟು ದಾಟಿದರೆ ಫೆಡರಲ್ ನೆರವು, ಅಂದರೆ ಕೇಂದ್ರ ಸರ್ಕಾರದ ಗ್ರ್ಯಾಂಟ್ ಮತ್ತು ಸಾಲ, ನಿಲ್ಲುತ್ತದೆ. 70 ಕ್ರೆಡಿಟ್‌ನ ಕೋರ್ಸಾದರೆ 105. ಕಾಯುವಾಗ ಸುಮ್ನೆ ತಗೊಂಡ ಕ್ಲಾಸುಗಳು ಇಲ್ಲಿ ಬಂದು ಕಚ್ಚುತ್ತವೆ. ಅದೂ ಕೊನೆಯ ಕ್ಲಿನಿಕಲ್ ತರಬೇತಿಯ ಹೊತ್ತಿಗೆ. ಆಗ ವಾರಪೂರ್ತಿ ಸಂಬಳವಿಲ್ಲದೆ ಆಸ್ಪತ್ರೆಯಲ್ಲಿ ನಿಂತು ಕಲಿಯಬೇಕು, ಒಟಿಎ ಆದರೆ ಹದಿನಾರು ವಾರ. ಅಪೀಲ್ ಹಾಕಬಹುದು, ಆದರೆ ಒಪ್ಪಿಗೆ ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ.

ಖಾಸಗಿ ಕಾಲೇಜಿನವರು ಬೇಗ ಸೀಟು ಕೊಡುತ್ತೇವೆ ಅಂತ ಕರೆಯುತ್ತಾರೆ. ಕೆಲವರಿಗೆ ಅದು ಸರಿಹೋಗಬಹುದು. ಆದರೆ ಲೈಸೆನ್ಸ್ ಪರೀಕ್ಷೆ ಎಲ್ಲರಿಗೂ ಒಂದೇ. ಎರಡು ಕಡೆಯ ಪೂರ್ತಿ ಖರ್ಚನ್ನು ಪಕ್ಕ ಪಕ್ಕ ಬರೆದು ನೋಡದೆ ಸಹಿ ಹಾಕಬೇಡಿ.

ಯುಗಾದಿಯ ಹುಡುಗನ ಕತೆಗೆ ಬರುತ್ತೇನೆ. ಅವನ ಹೆಂಡತಿ ಗಂಡನ ಕೆಲಸದ ವೀಸಾ ಮೇಲೆ ಸಿಗುವ ಎಚ್4 ವೀಸಾದಲ್ಲಿದ್ದಾಳೆ. ಅವಳಿಗೆ ಪೆಲ್ ಇಲ್ಲ, ಫೆಡರಲ್ ಸಾಲವೂ ಇಲ್ಲ. ಮೇಲಾಗಿ ಅವಳು ಬೆಂಗಳೂರಿನಲ್ಲಿ ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಮುಗಿಸಿದವಳು. ಅಂಥವರು ಮೊದಲು ತಮ್ಮ ಡಿಗ್ರಿಯನ್ನು ಇಲ್ಲಿ ಮೌಲ್ಯಮಾಪನ ಮಾಡಿಸಿ, ಥೆರಪಿಸ್ಟ್ ಪರೀಕ್ಷೆಗೇ ಕೂರಲು ಏನು ಬಾಕಿ ಇದೆ ಅಂತ ರಾಜ್ಯದ ಲೈಸೆನ್ಸ್ ಬೋರ್ಡಿನಲ್ಲಿ ಕೇಳಬೇಕು. ಅಸಿಸ್ಟೆಂಟ್ ಕೋರ್ಸ್ ಮುಗಿಸಿ ಆಮೇಲೆ ಥೆರಪಿಸ್ಟ್ ಆಗುತ್ತೇನೆ ಅನ್ನುವುದು ಅಂದುಕೊಂಡಷ್ಟು ಸಲೀಸಲ್ಲ. ಇಲ್ಲೇ ಓದಿ ಫಿಸಿಕಲ್ ಥೆರಪಿಸ್ಟ್ ಆಗಲು ಈಗ ಡಾಕ್ಟರೇಟ್ ಬೇಕು, ಪಿಟಿಎಯ ಕ್ಲಾಸುಗಳು ಅದಕ್ಕೆ ಹೆಚ್ಚೇನೂ ಲೆಕ್ಕಕ್ಕೆ ಬರುವುದಿಲ್ಲ.

ಆ ಸೆಪ್ಟೆಂಬರ್‌ನ ಹುಡುಗಿಗೆ ಅವತ್ತು ಇನ್ನೊಂದು ಮಾತು ಹೇಳಿದ್ದೆ. ಸಾಲದ ದುಡ್ಡು ಬಂದು 120 ದಿನದೊಳಗೆ ವಾಪಸ್ ಕೊಟ್ಟರೆ, ಕೊಟ್ಟಷ್ಟಕ್ಕೆ ಬಡ್ಡಿ ಬೀಳುವುದಿಲ್ಲ, ಶುಲ್ಕವೂ ಇಲ್ಲ. ಅವಳು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಂಡು ಹೋದಳು. ಡಿಸೆಂಬರ್‌ನಲ್ಲಿ, ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದಳು. ಕಾರಿನ ಟೈರಿಗೆ, ಬಾಡಿಗೆಗೆ 1,900 ಖರ್ಚಾಗಿತ್ತು. ಮಿಕ್ಕ 2,800 ಡಾಲರ್ ಸಾಲ ವಾಪಸ್ ಕಟ್ಟುವುದು ಹೇಗೆ ಅಂತ ಕೇಳಿದಳು. ಇಬ್ಬರೂ ಕೂತು ಸಾಲದ ಕಂಪನಿಯ ವೆಬ್‌ಸೈಟ್ ತೆರೆದೆವು. ಅವಳ ಕೈಯಲ್ಲಿ ಅದೇ ಹಳೆಯ ಕವರ್ ಇತ್ತು. ಜನವರಿ ಸೆಮಿಸ್ಟರ್‌ಗೆ ಎಷ್ಟು ಬೇಕು ಅಂತ ಅದರ ಮೂಲೆಯಲ್ಲಿ ತಾನೇ ಬರೆದುಕೊಂಡಿದ್ದಳು. 1,500.