ಟೈರ್ ಅಳತೆ: ತಾಗುವುದು ಎಲ್ಲಿ, ತಿನ್ನುವುದು ಏಕೆ

‘ಒಂದು ಸೈಜ್ ದೊಡ್ಡದು ಹಾಕಿ’ ಎನ್ನುವವರಿಗೆ ನಾನು ಮೊದಲು ಕೇಳುವುದು, ಯಾವುದು ದೊಡ್ಡದಾಗಬೇಕು ಎಂದು. ಅಗಲವೋ, ಎತ್ತರವೋ, ರಿಮ್ಮೋ? ಮೂರರಲ್ಲಿ ಒಂದನ್ನು ಮುಟ್ಟಿದರೂ ಉಳಿದೆರಡರ ಲೆಕ್ಕ ತಪ್ಪುತ್ತದೆ. ಆ ಲೆಕ್ಕ ಹಾಕದೆ ಟೈರ್ ಕೂರಿಸಿಕೊಂಡು ಹೋದವರು ಕೆಲವು ತಿಂಗಳ ಮೇಲೆ ಎರಡು ದೂರು ಹೊತ್ತು ಬರುತ್ತಾರೆ. ತಿರುವಿನಲ್ಲಿ ಕರಕರ ಸದ್ದು ಬರುತ್ತದೆ ಎನ್ನುವುದು ಒಂದು. ಟೈರ್ ಒಂದೇ ಕಡೆ ತಿನ್ನುತ್ತಿದೆ, ಅಂದರೆ ಸವೆಯುತ್ತಿದೆ, ಅಲೈನ್‌ಮೆಂಟ್ ಮಾಡಿಕೊಡಿ ಎನ್ನುವುದು ಇನ್ನೊಂದು. ಅಲೈನ್‌ಮೆಂಟ್ ಯಂತ್ರ ಚಕ್ರಗಳು ನಿಂತಿರುವ ಕೋನಗಳನ್ನಷ್ಟೇ ಅಳೆಯುತ್ತದೆ. ಹಾಕಿರುವ ಟೈರ್ ಆ ಗಾಡಿಗೆ, ಆ ರಿಮ್ಮಿಗೆ ಹೊಂದುತ್ತದೋ ಇಲ್ಲವೋ ಎಂಬುದು ಅದರ ಪರದೆಯ ಮೇಲೆ ಕಾಣಿಸುವುದಿಲ್ಲ.

ಲೆಕ್ಕ ಶುರುವಾಗಬೇಕಾದದ್ದು ಗಾಡಿಯಲ್ಲಿ ಈಗಿರುವ ಟೈರ್‌ನಿಂದ ಅಲ್ಲ, ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯಿಂದ. ಹಿಂದಿನ ಮಾಲೀಕ ಆಗಲೇ ಒಂದು ಸುತ್ತು ಅಳತೆ ಬದಲಿಸಿದ್ದರೆ, ನೀವು ಅದರ ಮೇಲೆ ಇನ್ನೊಂದು ಸುತ್ತು ಏರಿಸುತ್ತೀರಿ. ಎರಡನೆಯ ಕೈಯಲ್ಲಿ ಕೊಂಡ ಗಾಡಿಗಳಲ್ಲಿ ಇದು ಅಪರೂಪವೇನಲ್ಲ. ಚೀಟಿ ಕಿತ್ತುಹೋಗಿದ್ದರೆ ಗಾಡಿಯ ಕೈಪಿಡಿ ನೋಡಿ.

ಚೀಟಿಯಲ್ಲಿ 195/65 ಆರ್15 91ಎಚ್ ಎಂದಿದೆ ಎನ್ನಿ. 195 ಎಂದರೆ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ, ಆದರೆ ಮಿಲಿಮೀಟರಿನಲ್ಲಿ ಅಲ್ಲ, ಅಗಲದ ಶೇಕಡ 65. ಬಹಳ ಜನ ಎಡವುವುದು ಇಲ್ಲೇ. ಅಗಲ ಹೆಚ್ಚಿಸಿ 65ನ್ನು ಹಾಗೇ ಬಿಟ್ಟರೆ ಎತ್ತರವೂ ತಾನಾಗಿ ಹೆಚ್ಚುತ್ತದೆ. 195ರ ಶೇಕಡ 65 ಸುಮಾರು 127 ಮಿ.ಮೀ. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ನಡುವೆ 15 ಇಂಚಿನ ರಿಮ್, ಅಂದರೆ 381 ಮಿ.ಮೀ. ಒಟ್ಟು ವ್ಯಾಸ 634.5 ಮಿ.ಮೀ. ಇದೇ ಜಾಗಕ್ಕೆ 215/65 ಆರ್15 ಹಾಕಿದರೆ ವ್ಯಾಸ 660.5 ಆಗುತ್ತದೆ, ಶೇಕಡ 4ಕ್ಕಿಂತ ತುಸು ಜಾಸ್ತಿ. ಸ್ಪೀಡೋಮೀಟರ್ ಮೊದಲು ತೋರಿಸುತ್ತಿದ್ದಷ್ಟೇ ತೋರಿಸುವಾಗ ಗಾಡಿ ಶೇಕಡ 4ರಷ್ಟು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ನಮ್ಮ ಕೆಲಸದಲ್ಲಿ ವ್ಯಾಸದ ವ್ಯತ್ಯಾಸ ಶೇಕಡ 3 ದಾಟಬಾರದು ಎನ್ನುವುದು ರೂಢಿ. ನಾನಂತೂ 2ರ ಹತ್ತಿರ ಬಂದಾಗಲೇ ಅಳತೆ ಟೇಪು ತೆಗೆಯುತ್ತೇನೆ.

‘ಟೈರ್ ದೊಡ್ಡದಾದರೆ ಗಾಡಿ ಮೇಲೇಳುತ್ತದಲ್ಲ, ಆಗ ತಾಗುವುದು ಹೇಗೆ?’ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಗಾಡಿ ನೆಲದಿಂದ 13 ಮಿ.ಮೀ. ಮೇಲೇಳುವುದು ನಿಜ. ಆದರೆ ಹಬ್, ಅಂದರೆ ಚಕ್ರವನ್ನು ಬಿಗಿಯುವ ನಡುಭಾಗ, ಗಾಡಿಯ ಮೈಗೆ ಹೋಲಿಸಿದರೆ ಇದ್ದಲ್ಲೇ ಇದೆ. ಹಾಗಾಗಿ ಟೈರ್ ಮತ್ತು ಫೆಂಡರ್ (ಚಕ್ರದ ಮೇಲಿನ ತಗಡಿನ ಕಮಾನು) ನಡುವಿನ ಸಂದು ಮೇಲೆ, ಮುಂದೆ, ಹಿಂದೆ ಮೂರೂ ಕಡೆ 13 ಮಿ.ಮೀ. ಕಿರಿದಾಗುತ್ತದೆ. ಇದರ ಜೊತೆಗೆ ಅಗಲ 20 ಹೆಚ್ಚಾಗಿದೆ. ಒಳಗೆ 10, ಹೊರಗೆ 10.

ರಿಮ್ ದೊಡ್ಡದು ಬೇಕೇ ಬೇಕೆಂದರೆ ಗೋಡೆ ತಗ್ಗಿಸಬೇಕು. 205/55 ಆರ್16ರ ವ್ಯಾಸ 632, 225/45 ಆರ್17ರದ್ದು 634. ಎರಡೂ ಮೂಲಕ್ಕೆ ಹತ್ತಿರ. ವ್ಯಾಸದ ಪ್ರಶ್ನೆ ಮುಗಿಯಿತು, ಆದರೆ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಟೈರ್ ತಾಗುವ ಗಾಡಿಗಳಲ್ಲಿ ನನಗೆ ಹೆಚ್ಚಾಗಿ ಸಿಗುವುದು ವ್ಯಾಸದ ತಪ್ಪಲ್ಲ, ಆಫ್‌ಸೆಟ್ ತಪ್ಪು.

ರಿಮ್ಮಿನ ಅಗಲದ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. ರಿಮ್ಮಿನ ಮೇಲೆ ಇಟಿ 45, ಇಟಿ 35 ಎಂದು ಕೊರೆದಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಮೂಲದಲ್ಲಿ 6 ಇಂಚು ಅಗಲದ, ಇಟಿ 45ರ ರಿಮ್ ಇತ್ತು, ಈಗ 7 ಇಂಚಿನ, ಇಟಿ 35ರ ರಿಮ್ ತಂದಿದ್ದೀರಿ ಎಂದುಕೊಳ್ಳಿ. ಒಂದು ಇಂಚು ಹೆಚ್ಚಿದ್ದರಿಂದ ಎರಡೂ ಅಂಚುಗಳು ತಲಾ 12.7 ಮಿ.ಮೀ. ಸರಿದವು. ಆಫ್‌ಸೆಟ್ 10 ಕಡಿಮೆಯಾದ್ದರಿಂದ ಇಡೀ ಚಕ್ರ 10 ಮಿ.ಮೀ. ಹೊರಗೆ ಬಂತು. ಕೂಡಿ ಕಳೆದರೆ ಹೊರ ಅಂಚು 22.7 ಮಿ.ಮೀ. ಫೆಂಡರ್ ಕಡೆಗೆ ಹೋಯಿತು, ಒಳ ಅಂಚು ಸ್ಟ್ರಟ್ (ಚಕ್ರದ ಒಳಬದಿಯ ಸಸ್ಪೆನ್ಷನ್ ಕಂಬ) ಕಡೆಗೆ ಬರೀ 2.7 ಮಿ.ಮೀ. ಬಂತು. ಅದೇ 7 ಇಂಚಿನ ರಿಮ್ ಇಟಿ 45ರದ್ದಾಗಿದ್ದರೆ ಎರಡೂ ಕಡೆ 12.7. ಒಂದೇ ಟೈರ್, ಒಂದೇ ಅಗಲದ ರಿಮ್. ಒಂದು ಫೆಂಡರ್ ಅಂಚಿಗೆ ತಾಗಬಹುದು, ಇನ್ನೊಂದು ಸ್ಟ್ರಟ್‌ಗೆ. ಒಳಗೆ ತಾಗುತ್ತದೆಂದು ಹಬ್ಬಿಗೂ ರಿಮ್ಮಿಗೂ ನಡುವೆ 10 ಮಿ.ಮೀ. ಬಿಲ್ಲೆ, ಅಂದರೆ ಸ್ಪೇಸರ್, ತುರುಕುವುದೂ ಆಫ್‌ಸೆಟ್ಟನ್ನು 10 ಇಳಿಸಿದ ಹಾಗೆಯೇ. ತೊಂದರೆ ಒಳಗಿನಿಂದ ಹೊರಗೆ ವರ್ಗವಾಗುತ್ತದೆ. ಹೊರಗೆ ಬಂದ ಚಕ್ರ ಬೇರಿಂಗ್ ಮೇಲೆ ಹೆಚ್ಚು ಭಾರ ಹಾಕುತ್ತದೆ, ಗುಂಡಿ ಬಿದ್ದಾಗ ಸ್ಟಿಯರಿಂಗನ್ನು ಕೈಯಿಂದ ಎಳೆಯುತ್ತದೆ.

ಕಾಗದದ ಲೆಕ್ಕವೂ ಕೊನೆಯ ಮಾತಲ್ಲ. ಒಂದೇ ಅಳತೆ ಬರೆದಿರುವ ಎರಡು ಕಂಪನಿಗಳ ಟೈರ್‌ಗಳು ಅಗಲದಲ್ಲಿ ಕೆಲವು ಮಿಲಿಮೀಟರ್ ಬೇರೆ ಇರುತ್ತವೆ. ಒಂದರ ಭುಜ ದುಂಡಗಿದ್ದರೆ ಇನ್ನೊಂದರದ್ದು ಚೌಕ. ಹಾಗಾಗಿ ನಾಲ್ಕನ್ನೂ ಕೂರಿಸುವ ಮೊದಲು ಮುಂದೊಂದು, ಹಿಂದೊಂದು ಹಾಕಿಸಿ ನೋಡಿ. ಸ್ಟ್ರಟ್ ಕಡೆ ನನ್ನ ಕಿರುಬೆರಳು ಹೋಗದಿದ್ದರೆ ನಾನು ಒಪ್ಪುವುದಿಲ್ಲ. ಜ್ಯಾಕ್ ಮೇಲೆ ನೇತಾಡುವ ಚಕ್ರ ತಿರುಗಿಸಿ ‘ತಾಗುತ್ತಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ. ಆಗ ಸಸ್ಪೆನ್ಷನ್ ಪೂರ್ತಿ ಕೆಳಗೆ ಚಾಚಿರುತ್ತದೆ. ಗಾಡಿ ತುಂಬ ಜನ ಕೂತು, ಡಿಕ್ಕಿ ತುಂಬಿ, ಒಂದು ಮುಂಚಕ್ರ ಇಳಿಜಾರು ಹಲಗೆಯ ಮೇಲಿರುವಾಗ ಸ್ಟಿಯರಿಂಗನ್ನು ಎರಡೂ ಕಡೆ ಫುಲ್ ಕಟ್ ಹೊಡೆದು ನೋಡಬೇಕು. ರಿವರ್ಸ್‌ನಲ್ಲೂ ಒಮ್ಮೆ. ಲೈನರ್‌ಗೆ (ಫೆಂಡರಿನ ಒಳಗಿನ ಹೊದಿಕೆ), ಫೆಂಡರಿನ ಒಳಮಡಿಕೆಗೆ ಸೀಮೆಸುಣ್ಣ ಬಳಿದು ಒಂದು ಸುತ್ತು ಓಡಿಸಿದರೆ ತಾಗಿದ ಜಾಗ ತಾನೇ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಲೈನರ್‌ಗೆ ಫುಲ್ ಕಟ್‌ನಲ್ಲಿ ಮಾತ್ರ ಸವರುವುದನ್ನು ಕೆಲವರು ಸಹಿಸುತ್ತಾರೆ. ಲೋಹದ ಅಂಚು ಪಕ್ಕದ ಗೋಡೆಗೆ ತಾಗುವುದನ್ನು ಸಹಿಸುವ ಹಾಗೇ ಇಲ್ಲ. ಅಲ್ಲಿ ರಬ್ಬರ್ ತೆಳು, ಅದರೊಳಗಿನ ದಾರ ಕುಯ್ದರೆ ಟೈರ್ ಒಡೆಯುತ್ತದೆ.

ಇನ್ನು ಸವೆತ. ಪ್ರತಿ ಟೈರ್‌ಗೂ ಇಂತಿಷ್ಟು ಅಗಲದ ರಿಮ್ ಎಂದು ತಯಾರಕರ ಪಟ್ಟಿಯಲ್ಲಿ ಇರುತ್ತದೆ. 195/65 ಆರ್15ಕ್ಕೆ ಐದೂವರೆಯಿಂದ 7 ಇಂಚು. 225/45 ಆರ್17ಕ್ಕೆ ಕನಿಷ್ಠ 7. ಅಗಲದ ಟೈರನ್ನು ಕಿರಿದಾದ ರಿಮ್ಮಿಗೆ ಹಿಸುಕಿ ಕೂರಿಸಿದರೆ ನಡುಭಾಗ ಉಬ್ಬಿ ಅಲ್ಲೇ ಸವೆಯುತ್ತದೆ. ಕಿರಿದಾದ ಟೈರನ್ನು ಅಗಲದ ರಿಮ್ಮಿಗೆ ಎಳೆದು ಕೂರಿಸಿದರೆ ಎರಡೂ ಅಂಚು ಮೊದಲು ಹೋಗುತ್ತವೆ. ತಮಾಷೆ ಎಂದರೆ, ಗಾಳಿ ಹೆಚ್ಚಾದರೂ ನಡುಭಾಗ ಸವೆಯುತ್ತದೆ, ಕಡಿಮೆಯಾದರೆ ಎರಡೂ ಅಂಚು. ಆದ್ದರಿಂದ ರಿಮ್ ತಪ್ಪಾಗಿರುವವರು ತಿಂಗಳುಗಟ್ಟಲೆ ಗಾಳಿಯನ್ನು ಏರಿಸುತ್ತ ಇಳಿಸುತ್ತ ಇರುತ್ತಾರೆ.

ಒಂದೇ ಕಡೆ ತಿಂದರೆ ಅದು ಕ್ಯಾಂಬರ್ (ಚಕ್ರದ ತಲೆ ಒಳಗೋ ಹೊರಗೋ ವಾಲಿರುವುದು) ಅಥವಾ ಟೋ (ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು). ಅಂಗೈಯನ್ನು ಟೈರ್‌ಗೆ ಅಡ್ಡಲಾಗಿ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿದ್ದು ಮರಳುವಾಗ ಬಟನ್ (ಟೈರ್ ಮೇಲ್ಮೈಯ ರಬ್ಬರ್ ಉಬ್ಬುಗಳು) ಅಂಚು ಕೈಗೆ ಸಿಕ್ಕಿದರೆ ಟೋ ಕೆಟ್ಟಿದೆ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕಡೆ ನೋಡಬೇಕು. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸಿದವರಿಗೆ ಎಲ್ಲವೂ ಒಟ್ಟಿಗೆ ಬರುತ್ತವೆ: ಚಕ್ರದ ತಲೆ ಒಳಗೆ ವಾಲುತ್ತದೆ, ಟೋ ಬದಲಾಗುತ್ತದೆ, ಫೆಂಡರ್ ಸಂದೂ ಹೋಗುತ್ತದೆ. ಅವರಿಗೆ ಯಾವ ಟೈರ್ ಅಳತೆ ಹೇಳುವುದು ಎಂದು ನನಗಂತೂ ತೋಚುವುದಿಲ್ಲ.

ಅಳತೆಯ ಕೊನೆಯಲ್ಲಿರುವ 91ಎಚ್ ಅನ್ನು ಕಡೆಗಣಿಸಬೇಡಿ. 91 ಎಂದರೆ ಆ ಟೈರ್ ಹೊರಬಲ್ಲ ಭಾರ 615 ಕೆ.ಜಿ.; 88 ಎಂದರೆ 560. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದ ಮಿತಿ. ಅಳತೆ ಬದಲಾದರೂ ಭಾರದ ಸಂಖ್ಯೆ ಚೀಟಿಯಲ್ಲಿರುವುದಕ್ಕಿಂತ ಕೆಳಗಿಳಿಯಬಾರದು. ಚೀಟಿಯಲ್ಲಿರುವ ಗಾಳಿಯ ಒತ್ತಡವೂ ಚೀಟಿಯ ಅಳತೆಗೇ ಬರೆದದ್ದು. ಬೇರೆ ಅಳತೆ ಹಾಕಿದರೆ ತಯಾರಕರ ಭಾರ-ಒತ್ತಡದ ಕೋಷ್ಟಕ ಕೇಳಿ ಪಡೆಯಿರಿ.

ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಗಾಡಿಯಾದರೆ ಇನ್ನೊಂದು ಎಚ್ಚರ ಬೇಕು. ಎರಡು ಹಳೆಯವು, ಎರಡು ಹೊಸವು ಎನ್ನುವುದು ಅಲ್ಲಿ ಸಲ್ಲದು. ಹೊಸ ಟೈರ್‌ನ ಬಟನ್ 8 ಮಿ.ಮೀ. ಆಳವಿದ್ದು ಹಳೆಯದರದ್ದು 3 ಉಳಿದಿದ್ದರೆ, ಒಂದೇ ಅಳತೆ ಬರೆದಿದ್ದರೂ ವ್ಯಾಸದಲ್ಲಿ 10 ಮಿ.ಮೀ. ಅಂತರವಿದೆ. ಅದನ್ನು ಸರಿದೂಗಿಸಲು ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಅಥವಾ ಕ್ಲಚ್ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ಸ್ಟೆಪ್ನಿ ಹಳೆಯ ಅಳತೆಯದ್ದೇ ಉಳಿದಿದ್ದರೆ ಅದನ್ನು ಹಾಕಿಕೊಂಡು ಪಂಕ್ಚರ್ ಅಂಗಡಿಯವರೆಗೆ ಮಾತ್ರ ಹೋಗಿ.