ಸೆನ್ಸರ್ ನಿಧಾನವೋ, ಡಬ್ಬಿ ನಿಧಾನವೋ?

ಪೀಣ್ಯದ ಪೇಂಟ್ ಬೂತಿನಲ್ಲಿ ಆವಿ ಪತ್ತೆಹಚ್ಚುವ ಪಾಲಿಮರ್ ಸೆನ್ಸರ್ ಹಿಡಿದು, ಹತ್ತು ಸೆಕೆಂಡಿನಲ್ಲಿ ರೀಡಿಂಗ್ ಏರಲಿಲ್ಲವೆಂದರೆ ಗಾಳಿ ಚೆನ್ನಾಗಿದೆ ಎಂದುಕೊಳ್ಳುವುದು ಅಪಾಯಕಾರಿ ತಪ್ಪು. ಟೊಲುಯೀನ್, ಕ್ಸೈಲೀನ್‌ನಂಥ ಪೇಂಟ್ ದ್ರಾವಕಗಳ ಆವಿ ಸೆನ್ಸರಿನ ಪಾಲಿಮರ್ ಪದರವನ್ನು ಮುಟ್ಟಿದರೆ ಸಾಲದು, ಒಳಕ್ಕೆ ಇಳಿಯಬೇಕು. ಅದಕ್ಕೆ ಹಿಡಿಯುವ ಹೊತ್ತನ್ನು ಮೊದಲೇ ಲೆಕ್ಕ ಹಾಕಬಹುದು.

ಒಂದು ಬಗೆಯ ಸೆನ್ಸರಿನಲ್ಲಿ ಪಾಲಿಮರಿಗೆ ವಿದ್ಯುತ್ ಹರಿಸುವ ಕಾರ್ಬನ್ ಬ್ಲ್ಯಾಕ್ (ಮಸಿ) ಪುಡಿ ಬೆರೆಸಿರುತ್ತಾರೆ. ಆವಿ ಹೀರಿದ ಪಾಲಿಮರ್ ಉಬ್ಬುತ್ತದೆ, ಪುಡಿಯ ಕಣಗಳು ದೂರ ಸರಿಯುತ್ತವೆ, ವಿದ್ಯುತ್ ರೋಧ ಏರುತ್ತದೆ.

ಈ ಇಳಿಯುವಿಕೆಯ ಗಣಿತ 1855ರದು. ಶರೀರಶಾಸ್ತ್ರಜ್ಞ ಅಡಾಲ್ಫ್ ಫಿಕ್, ಶಾಖ ಹರಿಯುವುದಕ್ಕೆ ಫೂರಿಯೇ ಬರೆದಿದ್ದ ಸಮೀಕರಣವನ್ನೇ ವಿಸರಣೆಗೆ ಹೊಂದಿಸಿದ. ಅದರಿಂದ ಸಿಗುವ ಲೆಕ್ಕ ಇಷ್ಟು: ಪದರದ ದಪ್ಪದ ವರ್ಗವನ್ನು ವಿಸರಣಾಂಕದಿಂದ (ಆವಿ ಪದರದೊಳಗೆ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ) ಭಾಗಿಸಿ. ಒಂದೇ ಮುಖ ತೆರೆದಿರುವ ಪದರ ಅಂತಿಮ ರೀಡಿಂಗಿನ ಶೇ. 90 ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ಸಿಪ್ಪೆಯ ಅಡ್ಡಿಯನ್ನು ಬದಿಗಿಟ್ಟರೂ, ಇಡೀ ಕಡಲೆಕಾಳು ರಾತ್ರಿಯೆಲ್ಲ ನೆನೆಯಬೇಕಾದಾಗ ಕಡಲೆಬೇಳೆಗೆ ಒಂದೆರಡು ಗಂಟೆ ಸಾಕಾಗುವುದು ಇದೇ ಕಾರಣಕ್ಕೆ.

ಮೆತ್ತಗಿನ ಸಿಲಿಕೋನ್ ರಬ್ಬರಿನಲ್ಲಿ ವಿಸರಣಾಂಕ ಸೆಕೆಂಡಿಗೆ ಸುಮಾರು 100 ಚದರ ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಎಂದಿಟ್ಟುಕೊಳ್ಳಿ. 1 ಮೈಕ್ರಾನ್ ಪದರಕ್ಕೆ ಸೆಕೆಂಡಿನ ನೂರನೇ ಒಂದು ಪಾಲು. 10 ಮೈಕ್ರಾನಿಗೆ 1 ಸೆಕೆಂಡ್. 100 ಮೈಕ್ರಾನಿಗೆ 100 ಸೆಕೆಂಡ್. ಪಾಲಿಸ್ಟೈರೀನ್ ಆದರೋ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೂ ಗಾಜಿನಂತೆ ಗಟ್ಟಿ. ಅದರ ಸರಪಳಿಗಳು ಜರುಗಿ ಜಾಗ ಬಿಡುವುದಿಲ್ಲ, ವಿಸರಣೆ ಸಾವಿರಾರು ಪಟ್ಟು, ಕೆಲವೊಮ್ಮೆ ಲಕ್ಷಾಂತರ ಪಟ್ಟು ಕುಸಿಯುತ್ತದೆ. ವೇಗ ಬೇಕಿದ್ದರೆ ಕೋಣೆಯ ತಾಪದಲ್ಲಿ ರಬ್ಬರಿನಂತಿರುವ ಪಾಲಿಮರನ್ನೇ ಆರಿಸಿ.

ತಯಾರಿಯಲ್ಲಿ ಕೆಡುವುದು ದಪ್ಪವೇ. 80 ಮಿಲಿಗ್ರಾಂ ಪಾಲಿಮರನ್ನು 10 ಮಿಲಿಲೀಟರ್ ಟೊಲುಯೀನಿನಲ್ಲಿ ಕರಗಿಸಿ, 20 ಮಿಲಿಗ್ರಾಂ ಕಾರ್ಬನ್ ಬ್ಲ್ಯಾಕ್ ಹಾಕಿ ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಕಲಸಿ (ಫ್ಯೂಮ್ ಹುಡ್ ಇಲ್ಲದೆ ಬೇಡ). ಈ ದ್ರವವನ್ನು ಹನಿ ಬಿಟ್ಟು ಒಣಗಿಸಿದರೆ ಪುಡಿ ಅಂಚಿಗೆ ಓಡಿ ಉಂಗುರವಾಗುತ್ತದೆ. ನಡುಭಾಗ ಥಟ್ಟನೆ ಸ್ಪಂದಿಸಿದರೂ ದಪ್ಪ ಅಂಚು ತಡಮಾಡುತ್ತದೆ. ಗ್ರಾಫ್ ಕಡಿದಾಗಿ ಏರಿ, ಆಮೇಲೆ ತೆವಳುತ್ತದೆ. ಸ್ಪಿನ್ ಕೋಟಿಂಗ್ (ತಿರುಗಿಸಿ ತೆಳುವಾಗಿ ಹರಡುವುದು) ಅಥವಾ ತೆಳು ಸ್ಪ್ರೇ ಮಾಡಿದರೆ ಈ ಕಾಟ ತಪ್ಪುತ್ತದೆ. ದ್ರಾವಕ ಪೂರ್ತಿ ಹೋಗದಿದ್ದರೆ ಬೇಸ್‌ಲೈನ್ (ಆವಿ ಇಲ್ಲದಾಗಿನ ರೀಡಿಂಗ್) ಗಂಟೆಗಟ್ಟಲೆ ಜಾರುತ್ತಲೇ ಇರುತ್ತದೆ.

ಆದರೆ "ಸೆನ್ಸರ್ ನಿಧಾನ" ಎಂಬ ದೂರು ಬಂದಾಗ ಪದರಕ್ಕಿಂತ ಮೊದಲು ಸೆನ್ಸರ್ ಕೂರಿಸಿ ಗಾಳಿ ಹರಿಸುವ ಡಬ್ಬಿಯನ್ನು ಅನುಮಾನಿಸಬೇಕು. 50 ಮಿಲಿಲೀಟರಿನ ಡಬ್ಬಿಗೆ ನಿಮಿಷಕ್ಕೆ 50 ಮಿಲಿಲೀಟರ್ ಗಾಳಿ ಹರಿಸಿದರೆ, ಒಳಗಿನ ಗಾಳಿಯ ಶೇ. 90 ಬದಲಾಗಲು 2.3 ನಿಮಿಷ ಬೇಕು. ಸೆಕೆಂಡಿನೊಳಗೆ ಸ್ಪಂದಿಸುವ ಪದರವೂ ಅಲ್ಲಿ ಕಾದು ಕೂರಬೇಕಾಗುತ್ತದೆ. ಸಿಲಿಕೋನ್ ಟ್ಯೂಬ್ ಹಾಕಿದ್ದರಂತೂ ಟ್ಯೂಬೇ ಆವಿಯನ್ನು ಹೀರಿ, ಆಮೇಲೆ ನಿಧಾನಕ್ಕೆ ಬಿಡುತ್ತದೆ. ಟೆಫ್ಲಾನ್ ಟ್ಯೂಬ್ ಹಾಕಿ, ಅದೂ ಗಿಡ್ಡಗಿರಲಿ. ಕುದಿಯುವ ಬಿಂದು ಹೆಚ್ಚಿರುವ ಆವಿಗಳನ್ನು ಪದರ ಹೆಚ್ಚು ಪ್ರಮಾಣದಲ್ಲಿ ಬೇಡುತ್ತದೆ, ಹಾಗಾಗಿ ಅವಕ್ಕೆ ಹರಿವು ಇನ್ನಷ್ಟು ಜೋರಾಗಿರಬೇಕು. ಬಿಸಿ ಮಾಡಿದರೆ ವೇಗ ಸಿಗುತ್ತದೆ, ಆದರೆ ಪದರ ಹಿಡಿದಿಡುವ ಆವಿ ಕಡಿಮೆಯಾಗಿ ಸಂವೇದನೆ ಇಳಿಯುತ್ತದೆ.

ಎಲ್ಲಿ ತಡ ಎಂದು ತಿಳಿಯಲು ಹರಿವನ್ನು ದುಪ್ಪಟ್ಟು ಮಾಡಿ. ಸಮಯ ಅರ್ಧಕ್ಕಿಳಿದರೆ ತಪ್ಪು ಡಬ್ಬಿ, ಟ್ಯೂಬಿನದು ಅಥವಾ ಹರಿವಿನ ಕೊರತೆಯದು. ಇಳಿಯದಿದ್ದರೆ ಪದರದ್ದು; ಅದನ್ನು ಅರ್ಧ ದಪ್ಪಕ್ಕೆ ತಂದರೆ ಸಮಯ ಕಾಲು ಭಾಗಕ್ಕೆ ಬರುತ್ತದೆ.